ನಿಂತವರ ಕುರ್ಚಿ

ಆ ಬೀದಿಯ ಹನ್ನೊಂದು ಹೋಟೆಲುಗಳಲ್ಲಿ ಅಡುಗೆಯವರು ಕೂತು ಉಣ್ಣಲು ಒಂದು ಕುರ್ಚಿಯೂ ಇರಲಿಲ್ಲ.

ಬೀದಿಯೇನೋ ಹೆಸರುವಾಸಿ. ಹಳೆಯ ಗೋದಾಮುಗಳ ಗಾರೆ ಕೆರೆದು ಇಟ್ಟಿಗೆ ಕಾಣಿಸಿ, ಎತ್ತರದ ಗಾಜು ಕೂರಿಸಿ, ಮೇಜಿಗೊಂದು ದೀಪ ಇಳಿಬಿಟ್ಟಿದ್ದರು. ವಾರ ಮೊದಲೇ ಹೇಳಿಡದಿದ್ದರೆ ಜಾಗ ಸಿಗುತ್ತಿರಲಿಲ್ಲ. ಉಣ್ಣುವವರಿಗೆ ಒಲೆ ಕಾಣಲಿ ಎಂದು ಅಡುಗೆಮನೆಗೂ ಗಾಜು ಹಾಕಿಸಿದ್ದರು. ಬೆಂಕಿ ಕಂಡಿತು, ಅದರ ಮುಂದೆ ನಿಂತವರು ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಹಿತ್ತಲ ಬಾಗಿಲಲ್ಲಿ, ಕಸದ ಡಬ್ಬಿಯ ಪಕ್ಕ, ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು ನಾಲ್ಕು ತುತ್ತು ನುಂಗಿ ಒಳಗೆ ಓಡುತ್ತಿದ್ದರು.

ಅವರಲ್ಲಿ ಒಬ್ಬಳು ಬಾಣಲಿ. ಹೆತ್ತವರು ಇಟ್ಟ ಹೆಸರು ಬೇರೆ. ಮೂಲೆಯ ದೊಡ್ಡ ಹೋಟೆಲಿನಲ್ಲಿ ಒಂಬತ್ತು ವರ್ಷ ಮೀನಿನ ಬಾಣಲೆಯ ಮುಂದೆ ನಿಂತು ನಿಂತು ಈ ಹೆಸರೇ ಅಂಟಿಕೊಂಡಿತ್ತು. ಮೇಲೆ ಗರಿಗರಿ, ಒಳಗೆ ಬೆಣ್ಣೆಯಂಥ ಮೆತ್ತಗೆ. ಅವಳು ಹುರಿದ ಮೀನಿಗೆಂದೇ ಜನ ಊರಾಚೆಯಿಂದ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳ ಮಂಡಿಗಳು ಮಾತ್ರ ಕಲ್ಲಾಗಿರುತ್ತಿದ್ದವು. ಬೆಳಿಗ್ಗೆ ಏಳಕ್ಕೆ ನಿಂತ ಕಾಲು ಮೂರು ಗಂಟೆಯಾಗುವುದನ್ನೇ ಕಾಯುತ್ತಿತ್ತು.

ಮೂರಕ್ಕೆ ಹಿಂದಿನ ಓಣಿಯಲ್ಲಿ ದೊಡ್ಡಮ್ಮನ ಸೂಪಿನಂಗಡಿ.

ಆಕೆ ಯಾರಿಗೂ ನಿಜವಾದ ದೊಡ್ಡಮ್ಮನಲ್ಲ, ಆದರೆ ಬೇರೆ ಹೆಸರಿನಿಂದ ಕರೆದವರಿಲ್ಲ. ಅಂಗಡಿಯೆಂದರೆ ಒಂದು ಕೋಣೆ, ಒಂದು ಹಂಡೆ, ಗೋಡೆಯುದ್ದಕ್ಕೂ ಒಂದು ಹಲಗೆ, ಒಂದಕ್ಕೊಂದು ಸಂಬಂಧವಿಲ್ಲದ ಎಂಟು ಕುರ್ಚಿ. ಮೂರರಿಂದ ನಾಲ್ಕರವರೆಗೆ ಆ ಎಂಟೂ ಬೆಳಗಿನಿಂದ ನಿಂತು ದುಡಿದವರಿಗೆ ಮೀಸಲು. ಕೂತು ಕೆಲಸ ಮಾಡುವವರು ಬರಬಹುದು, ಅದೇ ಬಟ್ಟಲು, ಅದೇ ಸೂಪು. ಆದರೆ ಹಲಗೆಯ ಮುಂದೆ ನಿಂತು ಕುಡಿಯಬೇಕು. ಬೋರ್ಡು ಗೀರ್ಡು ಏನಿಲ್ಲ. ಒಳಗೆ ಬಂದವರ ಹೆಜ್ಜೆ ನೋಡಿದರೆ ದೊಡ್ಡಮ್ಮನಿಗೆ ತಿಳಿಯುತ್ತಿತ್ತು. ಒಮ್ಮೆ ಬ್ಯಾಂಕಿನವನೊಬ್ಬ, "ನಾನೂ ಬಸ್ಸಲ್ಲಿ ನಿಂತ್ಕೊಂಡೇ ಬಂದೆ ದೊಡ್ಡಮ್ಮ" ಎಂದು ಕುರ್ಚಿ ಎಳೆದಿದ್ದ.

"ಅದು ನಿನ್ನ ಗ್ರಹಚಾರ ಕಣಪ್ಪ, ಕೆಲಸ ಅಲ್ಲ" ಎಂದು ಆಕೆ ಬಟ್ಟಲನ್ನು ಹಲಗೆಯ ಮೇಲಿಟ್ಟಿದ್ದಳು.

ಆ ಸೂಪಿನ ಮುಂದೆ ಯಾರೂ ಹೆಚ್ಚು ಹೊತ್ತು ವಾದಿಸುತ್ತಿರಲಿಲ್ಲ. ಎಲುಬನ್ನು ಕಂದು ಬಣ್ಣಕ್ಕೆ ಸುಟ್ಟು, ಈರುಳ್ಳಿಯನ್ನು ಅವಸರವಿಲ್ಲದೆ ಬಾಡಿಸಿ, ಬಾರ್ಲಿ ಹಾಕಿ, ಬೆಳಗಿನಿಂದ ಹಂಡೆಯನ್ನು ಒಮ್ಮೆಯೂ ಕೊತಕೊತ ಕುದಿಯಗೊಡದೆ ಕಾಯುತ್ತಿದ್ದಳು. ಒಂದು ಗುಳ್ಳೆ ಎದ್ದು ಒಡೆದ ಮೇಲೆ ಇನ್ನೊಂದು ಏಳಬೇಕು, ಅಷ್ಟೇ ಉರಿ. ಬೆಂಕಿಯ ಭಾಷೆ ಬಲ್ಲ ಬಾಣಲಿ ದಿನವೂ ಮೊದಲ ಚಮಚವನ್ನು ಬಾಯಲ್ಲೇ ಹಿಡಿದು ಯೋಚಿಸುತ್ತಿದ್ದಳು. ಒಂಬತ್ತು ವರ್ಷವಾದರೂ ಅದರ ಗುಟ್ಟು ಕೈಗೆ ಹತ್ತಿರಲಿಲ್ಲ. ಹತ್ತದಿರುವುದರಲ್ಲೂ ಒಂದು ಸುಖವಿತ್ತು.

ಅಂಥ ಜಾಗಕ್ಕೆ ನಾಲಿಗೆಯನ್ನು ಕರೆತಂದವಳು ಅವಳೇ. ನಾಲಿಗೆ ಎಂದರೆ ಪತ್ರಿಕೆಯಲ್ಲಿ ಹೋಟೆಲುಗಳ ಬಗ್ಗೆ ಬರೆಯುವಾತ. ಅಡುಗೆಮನೆಗಳಲ್ಲಿ ಅವನಿಗೆ ಬಿದ್ದ ಹೆಸರು ಅದು. ಒಂದು ದಿನ ಬಾಣಲಿ ಹುರಿದ ಮೀನು ತಿಂದು ಮುಗಿಸಿ ಅವಳ ಒಲೆಯ ತನಕ ಬಂದಿದ್ದ.

"ಈ ಬೀದೀಲಿ ಎಲ್ಲಿ ತಿನ್ಬೇಕು ಅಂತ ಕಂಡಕಂಡವರನ್ನೆಲ್ಲ ಕೇಳಿದ್ದೀನಿ" ಎಂದ. "ಅಡುಗೆಯವರನ್ನೇ ಕೇಳಿಲ್ಲ ನೋಡಿ. ನೀವೆಲ್ಲಿ ತಿಂತೀರಿ?"

ಒಂಬತ್ತು ವರ್ಷದಲ್ಲಿ ಹಾಗೆ ಕೇಳಿದ ಮೊದಲಿಗ ಅವನು. ಬಾಣಲಿ ಕರಗಿಬಿಟ್ಟಳು.

ದೊಡ್ಡಮ್ಮ ಅವನನ್ನೂ ಹಲಗೆಯ ಮುಂದೆಯೇ ನಿಲ್ಲಿಸಿದಳು. ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಎರಡನೇ ಬಟ್ಟಲು ಕೇಳಿದ. ಬ್ರೆಡ್ಡಿನಿಂದ ತಳ ಒರೆಸಿ, ತೊಳೆಯುವವಳಿಗೆ ಕೆಲಸವಿಲ್ಲದಂತೆ ಬಟ್ಟಲು ವಾಪಸು ಕೊಟ್ಟ. ಭಾನುವಾರ ಬರೆದ: ಈ ಬೀದಿಯಲ್ಲಿ ಒಂದೇ ಕಡೆ ಉಣ್ಣುವುದಾದರೆ ಹಿಂದಿನ ಓಣಿಗೆ ಹೋಗಿ, ಸೂಪು ಹದಕ್ಕೆ ಬರುವ ಮೂರಕ್ಕೇ ಸರಿಯಾಗಿ ಹೋಗಿ. ಬರೆದದ್ದೆಲ್ಲ ನಿಜ. ಕುರ್ಚಿಯ ವಿಷಯ ಮಾತ್ರ ಬರೆದಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಸೂಪಿನಲ್ಲಿ ಮುಳುಗಿದ್ದವನಿಗೆ ತಾನು ನಿಂತಿದ್ದುದೇ ನೆನಪಿರಲಿಲ್ಲ.

ಸೋಮವಾರ ಮೂರಕ್ಕೆ ಓಣಿ ತುಂಬ ಜನ.

"ಇದೆಲ್ಲ ನನ್ನಿಂದ ಆಯ್ತು ದೊಡ್ಡಮ್ಮ" ಎಂದಳು ಬಾಣಲಿ, ಬಾಗಿಲಲ್ಲೇ ತಲೆ ತಗ್ಗಿಸಿ.

"ಏನಾಯ್ತು? ಇನ್ನೊಂದು ಹಂಡೆ ಇಟ್ಟೆ. ದಾರಿಗೆ ಅಡ್ಡ ನಿಲ್ಬೇಡ, ಹೋಗಿ ಕೂತ್ಕೊ."

ಬಂದವರು ನಿಂತೇ ಕುಡಿಯಬೇಕೆಂದು ತಿಳಿದು ಮೊದಲು ಮುಖ ಸಿಂಡರಿಸಿದರು. ಆಮೇಲೆ ಕುಡಿದರು, ಆಮೇಲೆ ಸುಮ್ಮನಾದರು.

ಗುರುವಾರ ಬಾಣಲಿಯ ಹೋಟೆಲಿನ ಮಾಲೀಕ ಬಂದ. ಜೊತೆಗೆ ಮೂವರು ಅತಿಥಿಗಳು. ಎಂಟೂ ಕುರ್ಚಿ ತುಂಬಿದ್ದವು: ಬ್ರೆಡ್ಡು ಸುಡುವ ಒಲೆಯಣ್ಣ, ಪಾತ್ರೆ ತೊಳೆಯುವ ಇಬ್ಬರು ಅಕ್ಕತಂಗಿಯರು, ಮಾಂಸ ಕತ್ತರಿಸುವವನು, ಬಡಿಸುವವರು ಮೂವರು, ಕಿಟಕಿಯ ಪಕ್ಕ ಬಾಣಲಿ. ಮಾಲೀಕನ ಕಣ್ಣು ತನ್ನ ಅಡುಗೆಯವಳ ಮೇಲೆಯೇ ನಿಂತಿತು.

"ಏಳಮ್ಮ, ಇವರು ದೂರದಿಂದ ಬಂದಿದ್ದಾರೆ."

"ನಿಂತ್ಕೊಂಡೇ ಬಂದ್ರಾ?" ದೊಡ್ಡಮ್ಮ ಹಂಡೆಯಿಂದ ತಲೆ ಎತ್ತಲಿಲ್ಲ.

"ಕಾರಲ್ಲಿ ಬಂದ್ವಿ" ಎಂದ ಮಾಲೀಕ.

ಒಲೆಯಣ್ಣನಿಗೆ ಸೂಪು ನೆತ್ತಿಗೇರಿತು. ಅತಿಥಿಗಳಲ್ಲಿ ಹಿರಿಯಾಕೆ ನಗುತ್ತಾ ಒಂದು ಬಟ್ಟಲು ತೆಗೆದುಕೊಂಡು ಹಲಗೆಯ ಮುಂದೆ ಹೋಗಿ ನಿಂತಳು. ಮಾಲೀಕನ ಕಿವಿ ಕೆಂಪಾದವು. ಬಾಣಲಿಯ ಹತ್ತಿರ ಬಂದು ಬಗ್ಗಿದ.

"ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಳೀಬೇಡ. ಏಳು. ಸಂಜೆ ಕೆಲಸ ಬೇಕೋ ಬೇಡ್ವೋ?"

ಹತ್ತಿರದ ಚಮಚಗಳು ನಿಂತವು. ಹೋಟೆಲಿನ ಒಲೆಯ ಪಕ್ಕ ಮೂರನೇ ಕೊಕ್ಕೆಗೆ ತೂಗುಹಾಕಿದ ತನ್ನ ಬಾಣಲೆ ಬಾಣಲಿಯ ಕಣ್ಣಿಗೆ ಕಟ್ಟಿತು, ಒಂಬತ್ತು ವರ್ಷ ಪಳಗಿ ಕನ್ನಡಿಯಾದ ಬಾಣಲೆ. ಅದರಂಥದ್ದು ಬೇರೆಲ್ಲೂ ಸಿಗುವುದಿಲ್ಲ. ಅಂಥ ಒಲೆಯೂ ಸಿಗಲಿಕ್ಕಿಲ್ಲ. ದೊಡ್ಡಮ್ಮ ಸೌಟು ಕೆಳಗಿಟ್ಟು ಅವಳನ್ನೇ ನೋಡಿದಳು. ಇದಕ್ಕೆ ಮಾತ್ರ ಅವಳ ಪರವಾಗಿ ತಾನು ಉತ್ತರ ಕೊಡಲಿಲ್ಲ. ಬಾಣಲಿಯ ಮಂಡಿಗಳು ಈಗಷ್ಟೇ ಸಡಿಲವಾಗುತ್ತಿದ್ದವು.

ಬಾಣಲಿ ಒಂದು ಚಮಚ ಕುಡಿದು, ನಿಧಾನಕ್ಕೆ ನುಂಗಿದಳು.

"ಕೆಲಸ ಬೇಕು ಸಾರ್. ಐದಕ್ಕೆ ಬರ್ತೀನಿ, ಬಾಣಲೆ ಕಾಯ್ಸಿರ್ತೀನಿ. ಅಲ್ಲಿ ಎಷ್ಟು ಹೊತ್ತು ನಿಲ್ಲು ಅಂದ್ರೂ ನಿಲ್ತೀನಿ, ನಿಂತಿದ್ದೀನಿ ಕೂಡ."

ಬ್ರೆಡ್ಡು ಮುರಿದು ಸೂಪಿಗೆ ಅದ್ದಿದಳು.

"ಇಲ್ಲಿಂದ ಏಳಲ್ಲ."