ಅಮ್ಮನ ಬಲಗೈ

ತನ್ನ ಪ್ರದರ್ಶನದ ಉದ್ಘಾಟನೆಗೆ ಹಳೆಯ ಮೇಷ್ಟ್ರನ್ನೇ ಕರೆಯಬೇಕೆಂದು ಚಿತ್ರಗಾರ್ತಿ ಹಟ ಹಿಡಿದಾಗ, ಎಂಥ ಗುರುಭಕ್ತಿ ಎಂದು ಗ್ಯಾಲರಿಯವರು ಕರಗಿಹೋದರು. ಕರಗಲಿ ಎಂದು ಅವಳು ಸುಮ್ಮನಿದ್ದಳು.

ಅವಳು ಚಿತ್ರಕಲೆ ಕಲಿತ ಸಂಜೆ ತರಗತಿಯಲ್ಲಿ ಅವರಿಗೆ ತಿದ್ದುಪಡಿ ಮೇಷ್ಟ್ರು ಎಂದೇ ಹೆಸರು. ಬೆನ್ನ ಹಿಂದೆ ಬಂದು ನಿಲ್ಲುವರು, ಕುಂಚವನ್ನು ಕೇಳದೆಯೇ ಕಿತ್ತುಕೊಳ್ಳುವರು, ಹಸಿ ಬಣ್ಣದ ಮೇಲೆ ಸರಸರನೆ ತಿದ್ದಿ, ಕ್ಯಾನ್ವಾಸಿನ ಮೂಲೆಗೊಂದು ಕೆಂಪು ಚುಕ್ಕೆ ಇಟ್ಟು ಮುಂದಿನವರ ಹತ್ತಿರ ಹೋಗುವರು. ತಿರುಗಿ ನೋಡುವ ಪದ್ಧತಿಯೇ ಇರಲಿಲ್ಲ.

ಅಮ್ಮನನ್ನು ಎದುರು ಕೂರಿಸಿಕೊಂಡು ಅವಳು ಬರೆದ ಚಿತ್ರಕ್ಕೂ ಅದೇ ಗತಿಯಾಯಿತು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬಿಸಿ ಪೆಟ್ಟಿಗೆ ಹಿಡಿದೂ ಹಿಡಿದೂ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡು ಗಿಣ್ಣುಗಳು ಊದಿದ್ದವು. ಆ ಕೈಯೊಂದನ್ನು ಬರೆಯಲು ಮಗಳಿಗೆ ಇಡೀ ಚಳಿಗಾಲ ಹಿಡಿದಿತ್ತು. ಇಂಥ ಅಸಹ್ಯವಾದ ಕೈಯನ್ನು ಯಾರು ಗೋಡೆಗೆ ಹಾಕಿಕೊಳ್ಳುತ್ತಾರೆ ಎಂದು ಮೇಷ್ಟ್ರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೀಳ ಬೆರಳಿನ ನುಣ್ಣನೆಯ ಕೈಯೊಂದನ್ನು ಅಲ್ಲಿಟ್ಟರು. ವರ್ಷದ ಕೊನೆಯ ಪ್ರದರ್ಶನಕ್ಕೆ ಬಂದ ಅಮ್ಮ ಚಿತ್ರ ನೋಡಿ ತನ್ನ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಅಂದಿನಿಂದ ನಾಲ್ಕು ಜನರ ಎದುರು ಆ ಕೈ ಶಾಲಿನೊಳಗೇ.

ಆಮೇಲೆ ಮಗಳ ಚಿತ್ರಗಳು ದೊಡ್ಡ ದೊಡ್ಡ ಗ್ಯಾಲರಿಗಳ ಗೋಡೆ ಏರಿದವು, ಸಮುದ್ರ ದಾಟಿ ಹೋಗಿ ಪ್ರಶಸ್ತಿ ತಂದವು. ಕಳೆದ ವರ್ಷ ಅವಳ ಲಾಂಡ್ರಿ ಚಿತ್ರಮಾಲೆಯನ್ನು ಮ್ಯೂಸಿಯಂ ಒಂದು ಇಡಿಯಾಗಿ ಕೊಂಡಿತು. ಪ್ರತಿ ಸಲವೂ ಮೇಷ್ಟ್ರು ಪತ್ರಿಕೆಯವರ ಮುಂದೆ, ಆ ಹುಡುಗಿಯನ್ನು ಪಳಗಿಸಿದವನೇ ನಾನು ಎಂದು ಮೀಸೆ ತಿರುವುತ್ತಿದ್ದರು. ಅವಳ ಹೊಟ್ಟೆಯೊಳಗಿನ ಕೆಂಡವನ್ನು ಬೂದಿ ಮುಚ್ಚಿತ್ತು, ಅದು ಆರಿರಲಿಲ್ಲ.

ಈಗ ಅದೇ ಹಳೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಹೊಸ ಚಿತ್ರಗಳ ನಡುವೆ ತೂಗುಹಾಕಿದ್ದಳು. ಮೇಷ್ಟ್ರು ಹುಳುಕು ಹುಡುಕದೆ ಬಿಡುವವರಲ್ಲ, ತಾವು ತಿದ್ದಿದ್ದನ್ನು ನೆನಪಿಟ್ಟುಕೊಳ್ಳುವವರೂ ಅಲ್ಲ. ಅವಳು ನಂಬಿಕೊಂಡಿದ್ದು ಅದನ್ನೇ. ಆದರೆ ಗುರುತು ಹಿಡಿದುಬಿಟ್ಟು, ಇದು ನಾನು ಬರೆದ ಕೈ ಎಂದು ಎಲ್ಲರೆದುರು ಮೆರೆದರೆ? ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಗುತ್ತಿತ್ತು.

ಅಮ್ಮನಿಗೆ ಇದರ ವಾಸನೆ ಹತ್ತಿತ್ತು. "ಪಾಪ, ವಯಸ್ಸಾಗಿದೆ ಅವರಿಗೆ. ಬಿಟ್ಟಾಕೇ."

"ಬಿಡ್ತೀನಿ. ನೀನು ಕೈ ಹೊರಗಿಟ್ಕೊಂಡು ಬರ್ತೀಯಾ?"

ಅಮ್ಮ ಶಾಲು ಹುಡುಕತೊಡಗಿದಳು.

ಮೇಷ್ಟ್ರು ಊರುಗೋಲು ಹಿಡಿದು ಬಂದರು. ಹಿಂದೆ ಪತ್ರಿಕೆಯವರ ದಂಡು. ಒಂದು ಚಿತ್ರದಲ್ಲಿ ಹಳದಿ ಹೆಚ್ಚಾಯಿತು, ಇನ್ನೊಂದರ ಬಾಗಿಲು ಸೊಟ್ಟ, ಹೀಗೆ ಒಂದೊಂದಕ್ಕೂ ಒಂದೊಂದು ಕೊಂಕು. ಅಮ್ಮನ ಚಿತ್ರದ ಮುಂದೆ ಬಂದು ನಿಂತುಬಿಟ್ಟರು. ಬಹಳ ಹೊತ್ತು ನೋಡಿದರು.

"ಮುಖ ಚೆನ್ನಾಗಿದೆ," ಎಂದರು. "ಆದ್ರೆ ಈ ಕೈ ಸತ್ತಿದೆ ಕಣಮ್ಮ. ಅಂಗಡಿ ಬೊಂಬೇದು ಕಿತ್ತು ಅಂಟಿಸಿದ ಹಾಗಿದೆ. ಎದುರಿಗೆ ಕೂತವರನ್ನ ನೋಡದೇ ಬರೆದಿದ್ದೀಯ."

ಪತ್ರಿಕೆಯವರೆಲ್ಲ ಬರೆದುಕೊಳ್ಳುವವರೆಗೆ ಅವಳು ಕಾದಳು.

"ಅದು ನೀವು ಬರೆದದ್ದು, ಸರ್. ನನ್ನ ಕೈಯಿಂದ ಕುಂಚ ಕಿತ್ಕೊಂಡು. ಮೂಲೇಲಿ ನಿಮ್ಮ ಚುಕ್ಕೆ ಇದೆ ನೋಡಿ."

ಮೇಷ್ಟ್ರು ಬಗ್ಗಿ ನೋಡಿದರು. ಅಲ್ಲಿತ್ತು. ಯಾರೋ ಕಿಸಕ್ಕನೆ ನಕ್ಕರು.

ಪತ್ರಿಕೆಯವಳೊಬ್ಬಳು, ಹಾಗಾದರೆ ನಿಜವಾದ ಕೈ ಹೇಗಿತ್ತು ಎಂದು ಕೇಳಿದಳು. ಚಿತ್ರಗಾರ್ತಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಮ್ಮ ಶಾಲು ಸರಿಸಿದಳು. ಮಡಚಿದ ಬೆರಳುಗಳನ್ನು ಚಿತ್ರದ ಪಕ್ಕಕ್ಕೆ ತಂದು ಹಿಡಿದಳು. ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು.

ಮೇಷ್ಟ್ರ ಮುಖ ಸುಣ್ಣದಂತಾಗಿತ್ತು. ಕೂರಬೇಕೆಂದು ಮೆಲ್ಲಗೆ ಹೇಳಿದರು.

"ಕುರ್ಚಿ ತಂದ್ಕೊಡೇ," ಎಂದಳು ಅಮ್ಮ.

ಅವಳು ತಂದಳು. ಗೋಡೆಗೆ ಬೆನ್ನು ಮಾಡಿ ಹಾಕಲಿಲ್ಲ, ಚಿತ್ರಕ್ಕೆ ಎದುರಾಗಿ ಹಾಕಿದಳು.