ಅಳಿಯನ ಕಾಲ್ಗುಣ

"ನೋಡ್ರಪ್ಪಾ, ನಮ್ಮ ಅಳಿಯ ಮಹಾರಾಜರ ಕಾಲ್ಗುಣ! ಮನೆಗೆ ಬಂದು ಮೂರು ತಿಂಗಳಾಗಿಲ್ಲ, ಮೂರು ಶೆಡ್ ಟೊಮೆಟೊ ಮಲಗಿತು. ಏಳನೇ ಕ್ಲಾಸಿಗೇ ಇವನ ಸ್ಕೂಲು ಸೊರಗಿತ್ತು, ಈಗ ನಮ್ಮ ಗಿಡದ ಸರದಿ!"

ಮಾವ ಬೇರುಸಮೇತ ಕಿತ್ತ ಗಿಡವೊಂದನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎತ್ತಿ ತೋರಿಸುತ್ತಿದ್ದರು. ಪ್ಯಾಕಿಂಗ್ ಕೋಣೆಯ ಉದ್ದ ಮೇಜಿನ ಸುತ್ತ ಹಣ್ಣು ವಿಂಗಡಿಸುವ ಎಂಟು ಜನ ಹೆಂಗಸರು, ಬಾಗಿಲಲ್ಲಿ ಲಾರಿ ಡ್ರೈವರ್, ತೂಕದ ಯಂತ್ರದ ಬಳಿ ಅತ್ತೆ, ಅತ್ತೆಯ ಪಕ್ಕದಲ್ಲಿ ಅವನ ಹೆಂಡತಿ. ಮೊದಲು ನಕ್ಕಿದ್ದು ಡ್ರೈವರ್. ಆಮೇಲೆ ಮೇಜಿಗೆ ಮೇಜೇ ನಕ್ಕಿತು.

"ಇವತ್ತಿಂದ ಶೆಡ್ಡೊಳಗೆ ಕಾಲಿಡಬೇಡ. ಹೋಗಿ ರಟ್ಟಿನ ಪೆಟ್ಟಿಗೆ ಮಡಚು" ಎಂದು ಮಾವ ಗಿಡವನ್ನು ಅವನ ಕಾಲ ಬಳಿ ಎಸೆದರು.

ಅಳಿಯನಿಗೆ ಕೋಪ ಬರುವುದಕ್ಕೆ ಕಾರಣ ಬೇಕಿರಲಿಲ್ಲ, ಇಲ್ಲಿ ಕಾರಣವೂ ಇತ್ತು. ಮಾವನ ಮೇಲೆ ಕೈ ಎತ್ತುವ ಹಾಗಿಲ್ಲವಲ್ಲ, ಪೆಟ್ಟಿಗೆಗಳ ಮೇಲೆ ಎತ್ತಿದ. ಒಂದು ಗಂಟೆಯಲ್ಲಿ ಇನ್ನೂರು ಮಡಚಿ ಎಸೆದ. ಮೂವತ್ತು ತಲೆಕೆಳಗಾಗಿದ್ದವು.

ಹೆಂಡತಿ ಬಂದು ಒಂದನ್ನು ತಿರುಗಿಸಿ ನೋಡಿದಳು. "ಗಿಡ ಸೊರಗಿದ್ರೆ ಅಪ್ಪ ನೀರು ಬಿಡ್ತಾರೆ. ಗಂಡ ಸೊರಗಿದ್ರೆ ನಾನೇನು ಬಿಡ್ಲಿ?"

"ನೀರೇ ತಗೊಂಡು ಬಾ. ಗಾಜಿನ ಲೋಟದಲ್ಲಿ."

ಅವಳು ತಂದಳು. ಮಾವ ಎಸೆದಿದ್ದ ಗಿಡದ ಕಾಂಡವನ್ನು ಅವನು ಬುಡದಲ್ಲಿ ಓರೆಯಾಗಿ ಕತ್ತರಿಸಿ, ಕತ್ತರಿಸಿದ ಬಾಯಿ ನೀರಿಗೆ ತಾಗುವಂತೆ ಹಿಡಿದ. ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು, ಹಳದಿಯ ಸುಳಿವಿಲ್ಲ, ಜೋತುಬಿದ್ದಿದ್ದವು ಅಷ್ಟೆ. ಎರಡು ನಿಮಿಷದಲ್ಲಿ ಕಾಂಡದಿಂದ ಹಾಲಿನಂಥ ಬಿಳಿ ಎಳೆಯೊಂದು ನೀರೊಳಗೆ ಇಳಿಯತೊಡಗಿತು.

"ಅಯ್ಯೋ, ಹೊಗೆ ಬಂದ ಹಾಗೆ ಬರ್ತಿದೆ!"

"ಹೊಗೆಯಲ್ಲ, ಬ್ಯಾಕ್ಟೀರಿಯ. ಗಿಡದ ನರದೊಳಗೆ ಇದೇ ತುಂಬ್ಕೊಂಡಿದೆ, ನೀರು ಮೇಲೆ ಹತ್ತೋದೆಲ್ಲಿಂದ? ನಿಮ್ಮಪ್ಪ ಬಾಯಾರಿಕೆ ಅಂತ ಕೊಳಾಯಿ ಬಿಡ್ತಾರೆ. ಇದು ಆ ನೀರಲ್ಲೇ ಈಜ್ಕೊಂಡು ಪಕ್ಕದ ಗಿಡಕ್ಕೆ ಹೋಗತ್ತೆ."

ಮದುವೆಗೆ ಮುಂಚೆ ಆರು ವರ್ಷ ಅವನು ಸಸಿ ನರ್ಸರಿಯಲ್ಲಿ ದುಡಿದಿದ್ದ. ಲೋಟದ ಪಾಠ ಅಲ್ಲಿ ಕಸಿ ಕಟ್ಟುವ ಮುದುಕಿಯೊಬ್ಬಳು ಹೇಳಿಕೊಟ್ಟದ್ದು. ಆ ಸ್ಕೂಲಿಗೆ ಅವನು ಒಂದು ದಿನವೂ ಚಕ್ಕರ್ ಹೊಡೆದಿರಲಿಲ್ಲ.

ಊಟದ ಬಿಡುವಿನಲ್ಲಿ ಮೇಜಿನ ಹೆಂಗಸರನ್ನು ಹಿಡಿದ. "ಮೊದಲು ಮಲಗಿದ್ದು ಯಾವ ಗಿಡ?" ಕನ್ನಡಕದಕ್ಕನಿಗೆ ಎಲ್ಲವೂ ನೆನಪಿತ್ತು. ಒಂದನೇ ಶೆಡ್ಡಿನಲ್ಲಿ ಬಾಗಿಲ ಪಕ್ಕದ ಸಾಲು. ಎರಡನೆಯದರಲ್ಲೂ ಬಾಗಿಲ ಪಕ್ಕ. ಮೂರನೆಯದರಲ್ಲೂ.

"ಹಾಗಾದ್ರೆ ಇದು ನಡ್ಕೊಂಡೇ ಬಂದಿದೆ, ಬೂಟಿನ ಮಣ್ಣಲ್ಲಿ" ಎಂದ ಅಳಿಯ. ಹೇಳಿದ ಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ, ಪಕ್ಕದಲ್ಲಿದ್ದ ಹೆಂಡತಿಯತ್ತ ತಿರುಗಿದ. "ಥೂ, ನಿಮ್ಮಪ್ಪ ಹೇಳಿದ್ದೇ ಸರಿ ಕಣೆ! ಕಾಲಿಂದಲೇ ಬಂದಿರೋದು!"

"ಯಾರ ಕಾಲು?" ಎಂದಳು ಹೆಂಡತಿ. ಎಂದವಳು ತಾನೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನನ್ನು ಗೋಡೆಯ ಮರೆಗೆ ಎಳೆದು ಪಿಸುಗುಟ್ಟಿದಳು. "ಅಪ್ಪ ದಿನಾ ಬೆಳಿಗ್ಗೆ ಹಿತ್ತಲ ಬದನೆ ನೋಡ್ಕೊಂಡೇ ಶೆಡ್ಡಿಗೆ ಹೋಗ್ತಿದ್ರು. ಅದೇ ಬೂಟು. ಆ ಬದನೆ ಎಲ್ಲ ಹಿಂಗೇ ಹಸಿರಾಗೇ ಸತ್ತಿತ್ತು. ಇಲಿ ತಿಂತು ಅಂತ ಅಮ್ಮನ ಹತ್ರ ಸುಳ್ಳು ಹೇಳಿ ಕಿತ್ತುಹಾಕಿದ್ರು."

ಅಳಿಯನಿಗೆ ಬೆಲ್ಲ ತಿಂದಷ್ಟು ಖುಷಿಯಾಯಿತು. ಇದನ್ನು ಮಾವನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು, ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ. ಆದರೆ ನಾಲ್ಕನೇ ಶೆಡ್ ಇನ್ನೂ ಗಟ್ಟಿಯಾಗಿ ನಿಂತಿತ್ತು. ಮೊದಲು ಅದು ಉಳಿಯಬೇಕು.

ಲೋಟವನ್ನು ಅತ್ತೆಯ ಮುಂದಿಟ್ಟ. ಅತ್ತೆ ಬಿಳಿ ಎಳೆಯನ್ನು ನೋಡಿದರು, ಗಂಡನನ್ನು ನೋಡಿದರು.

"ನಾಲ್ಕನೇ ಶೆಡ್ ಇವನಿಗೆ ಬಿಡಿ. ಆರು ವಾರ. ಅದೂ ಮಲಗಿದ್ರೆ ನಾನೇ ಇವನ ಪೆಟ್ಟಿ ಕಟ್ಟಿ ಕಳಿಸ್ತೀನಿ."

"ಮಗಳನ್ನೂ?" ಎಂದರು ಮಾವ.

"ಅವಳನ್ನ ನೀವೇ ಕೇಳಿ."

"ನಾನು ಪೆಟ್ಟಿ ಮೇಲೆ ಕೂತ್ಕೊಂಡು ಹೋಗ್ತೀನಿ" ಎಂದಳು ಮಗಳು.

ಅಳಿಯ ಆ ಸಂಜೆಯೇ ನಾಲ್ಕನೇ ಶೆಡ್ಡಿನ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಅಗಲ ತಟ್ಟೆ ಇಟ್ಟ. ಒಳಗೆ ಬರುವವರೆಲ್ಲ ಬೂಟನ್ನು ಬ್ರಷ್ಷಿನಿಂದ ಉಜ್ಜಿ, ಅದರಲ್ಲಿ ನಿಂತು, ಹತ್ತರವರೆಗೆ ಎಣಿಸಿಯೇ ದಾಟಬೇಕು. ಕತ್ತರಿ, ಚಾಕುಗಳಿಗೆ ಬೇರೆ ಬಕೆಟ್ಟು. ಕಾಲುವೆಯಲ್ಲಿ ನೀರು ಹರಿಸುವುದು ಬಂದ್, ಗಿಡಕ್ಕಿಷ್ಟು ಎಂದು ಹನಿ ಪೈಪು. ಉಳಿದ ಶೆಡ್ಡುಗಳಲ್ಲಿ ಮಲಗಿದ ಗಿಡಗಳನ್ನು ಬೇರಿನ ಮಣ್ಣಿನ ಸಮೇತ ಚೀಲಕ್ಕೆ ತುಂಬಿ ದೂರದಲ್ಲಿ ಸುಟ್ಟರು. ಆ ಶೆಡ್ಡುಗಳಿಗೆ ಕಾಡುಬದನೆಯ ಬೇರಿನ ಮೇಲೆ ಟೊಮೆಟೊ ಕಸಿ ಮಾಡಿದ ಸಸಿ ಬೇಕೆಂದು ನರ್ಸರಿಯ ಮುದುಕಿಗೆ ಫೋನಾಯಿತು. ಆ ಬೇರಿಗೆ ಈ ರೋಗ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.

ಮಾವ ಮೊದಲ ದಿನ ತಟ್ಟೆಯನ್ನು ದಾಟಿ ಹಾರಲು ಹೋಗಿ ಅದರಲ್ಲೇ ಕೂತರು. ಬೂಟು ಒಣಗುವವರೆಗೆ ಅತ್ತೆಯ ಹೂವಿನ ಚಪ್ಪಲಿ ಹಾಕಿಕೊಂಡು ಓಡಾಡಿದರು. ಕನ್ನಡಕದಕ್ಕ ಅದನ್ನು ನೋಡಲೆಂದೇ ನಾಲ್ಕು ಸಲ ನೀರು ಕುಡಿಯಲು ಎದ್ದಳು.

ಆಮೇಲಾಮೇಲೆ ಮಾವ ಯಾರೂ ಹೇಳದೆ ನಿಲ್ಲತೊಡಗಿದರು. ಹತ್ತರವರೆಗಲ್ಲ, ಇಪ್ಪತ್ತರವರೆಗೆ. ಜೋರಾಗಿ.

ಆರು ವಾರವಾಯಿತು. ನಾಲ್ಕನೇ ಶೆಡ್ಡಿನ ಒಂದು ಗಿಡವೂ ತಲೆ ಬಾಗಿಸಲಿಲ್ಲ. ಬಾಗಿದ್ದು ಹಣ್ಣಿನ ಭಾರಕ್ಕೆ ಕೊಂಬೆಗಳಷ್ಟೆ. ಪ್ಯಾಕಿಂಗ್ ಕೋಣೆಯ ಮೇಜು ಈ ತುದಿಯಿಂದ ಆ ತುದಿಗೆ ಕೆಂಪಾಯಿತು. ಹೆಂಗಸರು ಕೆಲಸಕ್ಕಿಂತ ಹೆಚ್ಚು ಮಾತಾಡಿದರು. ಡ್ರೈವರ್ ಒಂದು ಹಣ್ಣನ್ನು ಅಂಗಿಗೆ ಒರೆಸಿ ಕಚ್ಚಿ, ಗಲ್ಲದ ತುಂಬ ರಸ ಸುರಿಸಿಕೊಂಡ.

"ಅಳಿಯಂದ್ರೇ, ಈಗಲಾದ್ರೂ ಬಾಯಿ ಬಿಡಿ. ಆ ರೋಗ ತಂದಿದ್ದು ಯಾರ ಕಾಲು?" ಎಂದು ಅವನೇ ಕೂಗಿದ.

ಆರು ವಾರ ಅಳಿಯ ಈ ಉತ್ತರವನ್ನು ಬಾಯಿಪಾಠ ಮಾಡಿದ್ದ, ಬದನೆ, ಇಲಿ, ಬೂಟು ಎಲ್ಲ ಸೇರಿಸಿ. ಮಾವ ತೂಕದ ಯಂತ್ರದ ಮುಳ್ಳಿಗೆ ಕಣ್ಣು ನೆಟ್ಟಿದ್ದರು. ಯಂತ್ರದ ಮೇಲೆ ಏನೂ ಇರಲಿಲ್ಲ. ಅವರ ಕಿವಿಗಳು ಮೇಜಿನ ಮೇಲಿದ್ದ ಹಣ್ಣಿಗಿಂತ ಕೆಂಪಾಗಿದ್ದವು. ಹೆಂಡತಿ ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು.

ನಾಲ್ಕನೇ ಶೆಡ್ಡಿನಲ್ಲಿ ಇನ್ನೂ ಹನ್ನೊಂದು ಸಾಲು ಕೊಯ್ಯುವುದಿತ್ತು. ಅಳಿಯ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಹೆಗಲಿಗೇರಿಸಿಕೊಂಡು, ಶಿಳ್ಳೆ ಹಾಕುತ್ತ ಬಾಗಿಲು ದಾಟಿ ನಡೆದೇಬಿಟ್ಟ.