ಎಡಗಡೆಯ ಸ್ಪೀಕರ್

ಸಾಂತಿಯಾಗೊದಲ್ಲಿ ಸೈನ್ಯ ಗದ್ದುಗೆ ಏರಿದ ಮೇಲೆ ಎಡೆಲ್ಮಿರಾಳ ಹೈ-ಫೈ ಸೆಟ್ಟಿನ ಎಡಗಡೆಯ ಸ್ಪೀಕರ್ ಹಾಡುವುದನ್ನು ನಿಲ್ಲಿಸಿತ್ತು. ಹಾಡುವುದಾದರೂ ಹೇಗೆ? ತಮ್ಮ ಎಲಿಸಿಯೊ ಪೆಟ್ಟಿಗೆಯೊಳಗೆ ಅದುರಿ ದನಿ ಹೊರಡಿಸುವ ಕೋನನ್ನು ಬಿಚ್ಚಿ ಮಂಚದಡಿ ತಳ್ಳಿ, ಆ ಜಾಗದಲ್ಲಿ ಫಿಲ್ಮ್ ಸುರುಳಿಗಳನ್ನು ತುರುಕಿದ್ದ. ಸೈನಿಕರು ಗಿರಣಿಯ ಕೆಲಸಗಾರರನ್ನು ಎಳೆದೊಯ್ಯುವುದನ್ನು ಅವನು ಕ್ಯಾಮೆರಾದಲ್ಲಿ ಹಿಡಿದಿದ್ದ. ಅವು ಸಿಕ್ಕರೆ ಅವನ ಕಥೆ ಮುಗಿದಂತೆ.

ಮೇಲಿನ ಮನೆಯ ಸಾರ್ಜೆಂಟ್ ಬಾಸ್ಕುನ್ಯಾನನಿಗೆ ಸಂಗೀತದ ಹುಚ್ಚು. ಅಂಥ ಸೈನಿಕನಿಗೇ ಹೆಚ್ಚು ಹೆದರಬೇಕು. ಅವನು ಬಾಗಿಲು ಒದೆಯುವುದಿಲ್ಲ, ಕೇಕು ಹಿಡಿದು ಬರುತ್ತಾನೆ.

“ಏನ್ರೀ ಎಡೆಲ್ಮಿರಾ, ನಿಮ್ಮ ಸೆಟ್ಟು ಒಂದೇ ಕಡೆ ಹಾಡ್ತಿದೆಯಲ್ರೀ! ಚಹಾ ಹೊತ್ತಿಗೆ ಸ್ಕ್ರೂಡ್ರೈವರ್ ತರ್ತೀನಿ, ಬಿಚ್ಚಿ ನೋಡೇಬಿಡೋಣ,” ಎಂದ ಮೆಟ್ಟಿಲ ಮೇಲೆ ಸಿಕ್ಕವನು.

ಅವಳ ಜೀವ ಬಾಯಿಗೆ ಬಂತು. ಬೇಡ ಎಂದರೆ ಅನುಮಾನ. ಒಳಗೆ ಓಡಿ ಸುರುಳಿಗಳನ್ನು ತೆಗೆದು ಹಿಟ್ಟಿನ ಡಬ್ಬದಲ್ಲಿ ಹೂತಳು. ಮಂಚದಡಿಯಿಂದ ಕೋನನ್ನು ಎಳೆದಳು. ಮುಳ್ಳು ರೆಕಾರ್ಡಿನಿಂದ ಎತ್ತಿದ ದನಿಯನ್ನು ಆಂಪ್ಲಿಫಯರ್ ದೊಡ್ಡದು ಮಾಡುತ್ತದೆ, ಅದನ್ನು ಎರಡು ತಂತಿ ಕೋನಿಗೆ ಮುಟ್ಟಿಸುತ್ತವೆ. ಇಷ್ಟು ಅವಳಿಗೆ ಗೊತ್ತಿತ್ತು. ಅವಸರದಲ್ಲಿ ತಂತಿ ಸಿಕ್ಕಿಸಿ ಸ್ಕ್ರೂ ಬಿಗಿದಳು.

ಚಹಾ ಹೊತ್ತಿಗೆ ಬಂದ ಸಾರ್ಜೆಂಟ್ ಕೇಕಿನ ಜೊತೆ ತನ್ನದೇ ರೆಕಾರ್ಡನ್ನೂ ತಂದಿದ್ದ. ಮುಳ್ಳು ಇಟ್ಟ. ಎರಡೂ ಪೆಟ್ಟಿಗೆ ಹಾಡಿದವು.

“ಅರೆ, ತಾನೇ ಸರಿಹೋಯ್ತಲ್ಲ!”

“ನಿಮ್ಮ ಹೆದರಿಕೆ ಅದಕ್ಕೂ ಇದೆ,” ಎಂದು ನಕ್ಕಳು. ಎಷ್ಟೋ ಹೊತ್ತಿನ ಮೇಲೆ ಉಸಿರು ಸರಾಗವಾಗಿ ಆಡಿತು. ಕೇಕು ಕತ್ತರಿಸಲು ಚಾಕು ತಂದಳು.

ಅವನು ಎರಡು ಪೆಟ್ಟಿಗೆಗಳ ನಡುವೆ ನಿಂತು ಕಣ್ಣು ಮುಚ್ಚಿದ್ದ. ಹುಬ್ಬು ಗಂಟಾಯಿತು.

“ಹಾಡೋಳ ದನಿ ಎರಡೂ ಪೆಟ್ಟಿಗೆ ಮಧ್ಯಕ್ಕೆ ಬಂದು ನಿಲ್ತಾನೇ ಇಲ್ಲ. ಡ್ರಮ್ಮು ಎಲ್ಲಿ ಹಾಳಾಗಿ ಹೋಯ್ತು?”

ಬಗ್ಗಿ, ಪೆಟ್ಟಿಗೆಗಳ ಹಿಂದಿನ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದ.

“ಇವೆಲ್ಲ ಸರಿ ಇವೆ. ಒಳಗಿನ ತಂತಿ ಅದಲುಬದಲಾಗಿದೆ ಕಣ್ರೀ. ಒಂದು ಕೋನು ಮುಂದಕ್ಕೆ ತಳ್ಳಿದ್ರೆ ಇನ್ನೊಂದು ಹಿಂದಕ್ಕೆ ಎಳೀತಿದೆ. ಯಾರು ಬಿಚ್ಚಿದ್ದು ಇದನ್ನ?”

“ನಾನೇ. ಧೂಳು ಒರೆಸೋಕೆ.”

“ಯಾವಾಗ?”

ಅವಳಿಗೆ ಭಯವಾಯಿತು, ಬರೀ ಭಯ. ಬಾಯಿಗೆ ಬಂದದ್ದನ್ನು ಹೇಳಿದಳು: “ಹೋದ ತಿಂಗಳು.”

“ಹೋದ ತಿಂಗಳಿಂದ ಇವತ್ತಿನವರೆಗೂ ಎಡಗಡೆಯದು ಹಾಡ್ತಾನೇ ಇರ್ಲಿಲ್ಲ.” ಅವನು ಮುಳ್ಳನ್ನು ಮೆಲ್ಲನೆ ಎತ್ತಿದ. ರೆಕಾರ್ಡಿಗೆ ಗೀರು ಬೀಳದ ಹಾಗೆ ಎತ್ತಿ, ಒರೆಸಿ, ಕವರಿಗೆ ಹಾಕಿದ. ಆಮೇಲೆ ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ಕೂತ.

“ನಿಮ್ಮ ತಮ್ಮ ಸಿನಿಮಾ ಕೆಲಸದವನಲ್ವಾ? ಈಗ ಎಲ್ಲಿದಾನೆ?”